ಮೂರನೇ ಕೋಷ್ಟಕದ ತಲೆಬರಹ

ಚಿಕ್ಕೋಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದ ಮಸರತ ಮತ್ತು ರೂಪಾಲಿ ಕೂಡಿ ಒಂದು ಅಧ್ಯಯನ ಹಿಡಿದಿದ್ದರು: ದ್ರಾಕ್ಷಿ ತೋಟದಲ್ಲಿ ದುಡಿಯುವ ಹೆಂಗಸರ ಆರೋಗ್ಯ. ದ್ರಾಕ್ಷಿ ಬೆಳೆಯುವ ಐನಾಪುರದಲ್ಲಿ ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಮಸರತಳನ್ನು ಚಿಕ್ಕಂದಿನಿಂದ ಬಲ್ಲ ಕೆಂಪವ್ವ ಮಾತ್ರ ಇಬ್ಬರನ್ನೂ ಒಳಗೆ ಕರೆದು ಅಂಗೈ ತೋರಿಸಿದಳು. ಔಷಧಿ ಹೊಡೆದ ಗೊನೆ ಮುಟ್ಟಿ ಮುಟ್ಟಿ ತೊಗಲು ಸುಲಿದಿತ್ತು.

"ನನ್ನ ಹೆಸರ ಬ್ಯಾಡ. ಕೈ ಸುಟ್ಟಾವು ಅಂತ ಮಾತ್ರ ಖರೇ ಬರೀರಿ."

"ಹಂಗ ಬರೀತೇವಿ ಅಕ್ಕಾ," ಎಂದಳು ಮಸರತ.

ಲೆಕ್ಕದ ಪ್ರೋಗ್ರಾಂ ಬರೆದವಳೂ ಅವಳೇ. ಅದನ್ನು ಓಡಿಸಿದರೆ ಕೋಷ್ಟಕಗಳ ಸಮೇತ ಇಡೀ ವರದಿ ಸಿದ್ಧವಾಗುತ್ತಿತ್ತು. ಆದರೆ ಪ್ರತಿಯೊಂದರ ಮೇಲೂ ತಾನಾಗಿ 'ಟೇಬಲ್' ಎಂದೇ ಬರುತ್ತಿತ್ತು. ಅದನ್ನು 'ಕೋಷ್ಟಕ' ಮಾಡಿ, ತಮ್ಮದೇ ತಲೆಬರಹ ಕೂರಿಸುವಷ್ಟರಲ್ಲಿ ಸಾಕುಬೇಕಾಯಿತು. ಯಾವ ಸಾಲಿನಲ್ಲಿ ಏನು ತಿದ್ದಬೇಕೆಂದು ರೂಪಾಲಿಗೂ ಕಲಿಸಿದಳು. 'ಕೋಷ್ಟಕ ೩: ಔಷಧಿಯಿಂದ ಕೈ ಸುಟ್ಟ ಹೆಂಗಸರು' ಎಂದು ಪರದೆಯ ಮೇಲೆ ಮೂಡಿದಾಗ ರೂಪಾಲಿ, "ಈಗ ಬರೋಬ್ಬರಿ ಆತ ನೋಡು," ಎಂದಿದ್ದಳು.

ವರದಿ ಮಂಡಿಸುವ ದಿನ ಮುದ್ರಿತ ಪ್ರತಿ ತೆರೆದರೆ ಮೂರನೇ ಕೋಷ್ಟಕದ ಮೇಲೆ ಬೇರೆಯೇ ಇತ್ತು: 'ಚರ್ಮದ ಸಾಮಾನ್ಯ ತೊಂದರೆಗಳು.'

ಮಸರತ ಗೆಳತಿಯನ್ನು ವರಾಂಡಕ್ಕೆ ಎಳೆದೊಯ್ದಳು. "ಯಾರ ತಿದ್ದಿದ್ದು ಬೇ?"

"ನಾನ. ಅಪ್ಪನ ತೋಟನೂ ಐನಾಪುರದಾಗ ಐತಿ. ವ್ಯಾಪಾರಿಗಳ ಕಿವಿಗೆ ಬಿದ್ರ ನಮ್ಮ ಮಾಲ ಯಾರ ಒಯ್ತಾರ? ಅಂಕಿ ಒಂದೂ ಮುಟ್ಟಿಲ್ಲ."

"ನನಗೊಂದ ಮಾತ ಕೇಳಬೇಕಿತ್ತಲ್ಲ."

"ಕೇಳಿದ್ರ ನೀ ಒಪ್ತಿದ್ದಿಲ್ಲ."

ಮಸರತ ಸಭೆಯಲ್ಲಿ ಎದ್ದುನಿಂತು, ತಲೆಬರಹ ತಪ್ಪಾಗಿದೆ ಎಂದು ಹೇಳಿ ನಿಜವಾದದ್ದನ್ನು ಓದಿದಳು. ರೂಪಾಲಿ ನೆಲ ನೋಡುತ್ತ ಕುಳಿತಿದ್ದಳು. ತಿದ್ದಿ ಮುದ್ರಿಸಿರೆಂದು ಪ್ರಾಧ್ಯಾಪಕರು ಹೇಳಿದರು.

ಹೊಸ ಪ್ರತಿ ಹಿಡಿದು ಮಸರತ ಐನಾಪುರಕ್ಕೆ ಹೋದಳು. ಕೆಂಪವ್ವ ಅದನ್ನು ಮುಟ್ಟಲಿಲ್ಲ.

"ರೂಪಾಲಿ ಅಪ್ಪ ಬಂದಿದ್ದ. ಇನ್ನ ತನ್ನ ತೋಟಕ್ಕ ಕೆಲಸಕ್ಕ ಬರಬ್ಯಾಡ ಅಂದ."

"ನಾ ನಿನ್ನ ಹೆಸರ ಎಲ್ಲೂ ಎತ್ತಿಲ್ಲ ಅಕ್ಕಾ!"

"ಗೊತ್ತೈತಿ ತಂಗಿ. ರೂಪಾಲಿನ ಅವರಪ್ಪಗ ಹೇಳ್ಯಾಳ. ಆದ್ರ ಆಕಿನ ನನ್ನ ಮನಿಗೆ ಕರಕೊಂಡ ಬಂದಾಕಿ ನೀನ ಅಲ್ಲ?"

ಮಸರತ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ದಾರಿಯಲ್ಲಿ ರೂಪಾಲಿಯ ಫೋನು ಬಂದಾಗ ಎತ್ತಲಿಲ್ಲ. ಕೆಂಪವ್ವನಿಗೊಂದು ಕೆಲಸ ಕೊಡಿಸೆಂದು ತನ್ನ ಮಾಮಾನನ್ನು ಕೇಳಲು ಕಾಗವಾಡದ ಬಸ್ಸು ಹತ್ತಿದಳು.