ಆಂಪ್ ಮೀಟರ್ ಬಿಚ್ಚಿದ ದಿನ

ಕಾಮಾಕ್ಷಿಪಾಳ್ಯದಲ್ಲಿ ಮೂವತ್ತೊಂದು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದೇನೆ. ಹನುಮಂತಯ್ಯ ಅಂದರೆ ಸತ್ತ ಹಾರನ್ನನ್ನೂ ಕೂಗಿಸುವವನು ಎಂಬ ಹೆಸರಿದೆ. ಅದು ಬಿಟ್ಟರೆ ನನಗೆ ಬೇರೆ ಆಸ್ತಿಯಿಲ್ಲ. ಶಂಭುಲಿಂಗಪ್ಪನವರ ಹಳೇ ಜೀಪಿನ ಮುಂದೆ ಅದೂ ಹೋಗುವುದರಲ್ಲಿತ್ತು.

ಜೀಪಿನ ಡ್ಯಾಶ್‌ಬೋರ್ಡಿನಲ್ಲಿ, ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ತೋರಿಸುವ ಆಂಪ್ ಮೀಟರ್ ಹೊಗೆಯಾಡಿತ್ತು. ಅದರ ಜಾಗಕ್ಕೆ ಬ್ಯಾಟರಿಯ ವೋಲ್ಟೇಜ್ ತೋರಿಸುವ ವೋಲ್ಟ್ ಮೀಟರ್ ಹಾಕಿಕೊಡಿ ಎಂದು ತಂದಿದ್ದರು. ಇದೇನು ಬ್ರಹ್ಮವಿದ್ಯೆಯೇ? ಹಳೆಯದರ ಎರಡು ದಪ್ಪ ವೈರುಗಳನ್ನು ಬಿಚ್ಚಿ ಹೊಸದಕ್ಕೆ ಬಿಗಿದೆ. ಕೀ ತಿರುಗಿಸಿದೆ. ಮುಳ್ಳು ಎದ್ದು ಹನ್ನೆರಡರ ಮೇಲೆ ನಿಂತಿತು. ಗಾಡಿ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಲೈಟಿಲ್ಲ, ಹಾರನ್ನಿಲ್ಲ, ಸೆಲ್ಫ್ ಸ್ಟಾರ್ಟೂ ಇಲ್ಲ.

ಮೂರು ಸಲ ಬಿಚ್ಚಿ ಮೂರು ಸಲ ಬಿಗಿದೆ.

"ಆಗ್ದಿದ್ರೆ ಹೇಳ್ಬಿಡಿ ಹನುಮಂತಯ್ಯನೋರೆ, ವಿಜಯನಗರದಲ್ಲಿ ಇನ್ನೊಬ್ಬರಿದಾರೆ" ಎಂದರು ಶಂಭುಲಿಂಗಪ್ಪ.

"ಮೀಟರೇ ಡೂಪ್ಲಿಕೇಟ್ ಸಾರ್!" ಎಂದು ರೇಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಅವರು ಮುಖ ಗಂಟಿಕ್ಕಿಕೊಂಡು ಟೀ ಕುಡಿಯಲು ಹೋದರು.

ನನಗೆ ಊಟ ತಂದಿದ್ದ ಸೊಸೆ ಕಲಾ ಬಗ್ಗಿ ನೋಡಿದಳು. ಲಗ್ಗೆರೆ ಕಡೆಯ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ಜೋಡಿಸುವ ಕೆಲಸ ಅವಳದು.

"ಮೀಟರ್ ಸರಿಯಾಗೇ ಇದೆ ಮಾವ. ಇದರೊಳಗಿಂದ ಗಾಡಿಗೆ ಬೇಕಾದಷ್ಟು ಕರೆಂಟ್ ಹಾಯೋದಿಲ್ಲ, ನೀವು ದಾರಿಗೆ ಅಡ್ಡ ಕೂರ್ಸಿದೀರ. ಮೊದ್ಲು ಬ್ಯಾಟರಿ ವೈರ್ ಬಿಚ್ಚಿ. ಆ ದಪ್ಪ ವೈರ್ ಎರಡನ್ನೂ ಒಂದಕ್ಕೊಂದು ಸೇರಿಸಿ. ಮೀಟರಿಗೆ ಕೀ ಹತ್ರದಿಂದ ಒಂದು ಸಣ್ಣ ವೈರ್ ಕೊಡಿ, ಅರ್ತಿಗೆ ಅಂತ ಗಾಡಿ ಬಾಡಿಗೆ ಇನ್ನೊಂದು. ಸಾಕು."

ನನಗೇ ಪಾಠವೇ ಎಂದು ಸಿಟ್ಟು ಬಂತು. ಆದರೂ ಬೇರೆ ಗತಿಯಿರಲಿಲ್ಲ. ದಪ್ಪ ವೈರುಗಳನ್ನು ಬೋಲ್ಟ್ ಹಾಕಿ ಬಿಗಿದು ಟೇಪ್ ಸುತ್ತಿದೆ, ಅವಳು ಹೇಳಿದಂತೆಯೇ ಸಣ್ಣ ವೈರುಗಳನ್ನು ಎಳೆದೆ. ಬ್ಯಾಟರಿ ಸೇರಿಸಿ ಕೀ ತಿರುಗಿಸಿದೆ.

ಜೀಪು ಗುಡುಗಿತು. ಮುಳ್ಳು ಮೆಲ್ಲಗೆ ಹದಿನಾಲ್ಕಕ್ಕೆ ಏರಿತು. ಲೈಟು ಹಾಕಿದರೆ ಚೂರು ಇಳಿದು, ಮತ್ತೆ ತಾನೇ ಮೇಲೆದ್ದಿತು. ಹಳೆಯದರ ಕಡೆ ತಿರುಗಿದೆ. ಬೆಂಚಿನ ಮೇಲಿದ್ದ ಆಂಪ್ ಮೀಟರಿನ ಬೆನ್ನು ಸುಟ್ಟು ಕರಕಲಾಗಿತ್ತು. ಗಾಡಿಯ ಕರೆಂಟೆಲ್ಲ ಅದರ ಹೊಟ್ಟೆಯನ್ನೇ ಹಾದು ಹೋಗಬೇಕಿತ್ತು. ಹೊಸದೋ, ಏನನ್ನೂ ತಡೆಯದೆ ಬದಿಯಲ್ಲಿ ಕೂತೇ ಎಲ್ಲವನ್ನೂ ಬಲ್ಲದು. ಇಷ್ಟು ವರ್ಷ ಕರೆಂಟಿನ ಜೊತೆಯೇ ಬದುಕಿದವನು ಇಂಥ ಸೋಜಿಗವನ್ನು ಅಂದೇ ಮೊದಲು ಕಂಡೆ.

ಸದ್ದು ಕೇಳಿ ಶಂಭುಲಿಂಗಪ್ಪ ಓಡಿ ಬಂದರು. "ನಂಗೊತ್ತಿತ್ತು ಬಿಡಿ, ನಿಮ್ಮ ಕೈಲಾಗದ್ದು ಯಾವ್ದಿದೆ!"

ಕಲಾ ಏನೂ ತಿಳಿಯದವಳಂತೆ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಮಾವನ ಮರ್ಯಾದೆ ಕಾಯುತ್ತಿದ್ದಾಳೆ ಎಂದು ಗೊತ್ತಾಯಿತು.

"ನಂಗೆ ತಿಳೀಲಿಲ್ಲ ಸಾರ್. ನಮ್ಮ ಸೊಸೆ ಹೇಳ್ಕೊಟ್ಳು" ಎಂದೆ.

ಅವರು ಅವಳ ಕಡೆ ತಿರುಗಿದರು. "ನಮ್ಮಣ್ಣನ ಜೀಪಿಗೂ ಇದೇ ಆಗ್ಬೇಕು. ಯಾವತ್ತು ತರ್ಲಮ್ಮಾ?"

ಕಲಾ ಗಾಬರಿಯಿಂದ ನನ್ನ ಮುಖ ನೋಡಿದಳು.

"ನನ್ನನ್ಯಾಕೆ ನೋಡ್ತೀಯಾ?" ಎಂದು ಗದರಿದೆ. "ನಿನ್ನನ್ನ ತಾನೇ ಕೇಳಿದ್ದು, ಹೇಳು."