ಓಡುವವಳ ಉಸಿರು

ಏದುಸಿರು ಬಿಡುವುದೂ ಒಂದು ಕೆಲಸ ಎಂದರೆ ನಮ್ಮತ್ತೆ ಇವತ್ತಿಗೂ ನಂಬುವುದಿಲ್ಲ. ನಾನು ವಿಡಿಯೋ ಗೇಮುಗಳಿಗೆ ದನಿ ಕೊಡುವವಳು. ಮಾತು ಕಡಿಮೆ, ಉಸಿರೇ ಜಾಸ್ತಿ. ಆಡುವವರು ಬಟನ್ ಒತ್ತಿ ಪಾತ್ರವನ್ನು ಓಡಿಸಿದರೆ ಏದುಸಿರು ಕೇಳಬೇಕು, ಗೋಡೆ ಹತ್ತಿಸಿದರೆ ಮುಲುಕಬೇಕು, ಬಿದ್ದರೆ ನರಳಬೇಕು. ಇದನ್ನೆಲ್ಲ ಮೈಕಿನ ಮುಂದೆ ನಿಂತಲ್ಲೇ ಕುಪ್ಪಳಿಸಿ ಮಾಡುತ್ತೇನೆ. ಆಟಗಾರರ ಕೈಗೆ ಸಿಗುವ ಪಾತ್ರಕ್ಕೆ ಮಾತ್ರ ಇಷ್ಟೆಲ್ಲ ಬೇಕು. ಉಳಿದವರು ಬಂದು ಎರಡು ಮಾತಾಡಿ ಹೋಗುತ್ತಾರೆ, ಅವರ ಉಸಿರು ಯಾರಿಗೆ ಬೇಕಾಗಿದೆ.

ಹೋದ ವರ್ಷ ಮೊದಲ ಸಲ ನನಗೆ ನಾಯಕಿಯ ಪಾತ್ರ ಸಿಕ್ಕಿತು. ಹಡಗು ಒಡೆದು ದ್ವೀಪವೊಂದಕ್ಕೆ ಬಂದು ಬಿದ್ದ ಹೆಂಗಸು. ಇಡೀ ಆಟ ಅವಳದೇ. ಸಂತೋಷ ತಡೆಯಲಾರದೆ ಮಗಳಿಗೆ ಹೇಳಿದೆ. ಅವಳನ್ನು ನಾವು ಗುಬ್ಬಿ ಎನ್ನುತ್ತೇವೆ, ಹಾಗೆಂದು ಸುಮ್ಮನೆ ಕೂರುವ ಗುಬ್ಬಿಯಲ್ಲ. ಅವಳು ಆಡುವ ಆಟಗಳಲ್ಲೆಲ್ಲ ಗಡ್ಡದವರೇ ಓಡುವುದು, ಗಡ್ಡದವರೇ ಗೆಲ್ಲುವುದು.

"ಅಂದ್ರೆ ನಾನು ನೀನಾಗಿ ಆಡಬಹುದಾ?" ಎಂದು ಕೇಳಿದಳು.

"ಹೂಂ ಕಣೇ, ನಾನೇ ಆಗಿ."

ಮರುದಿನವೇ ಶಾಲೆಯಲ್ಲೆಲ್ಲ ಡಂಗುರ ಸಾರಿಬಂದಳು. ಆಟ ಬರಲಿ, ಎಲ್ಲರೂ ನಮ್ಮಮ್ಮನಾಗಿ ಆಡಬಹುದು ಎಂದು. ಕೆಲವರು ನಕ್ಕರಂತೆ. ನೋಡ್ತಾ ಇರಿ ಎಂದು ಸವಾಲು ಹಾಕಿ ಬಂದಿದ್ದಳು.

ಆ ವಾರವೇ ಕಂಪನಿಯವರು ನಾಯಕಿಯ ಏದುಸಿರು, ಮುಲುಕು, ನರಳಾಟವನ್ನೆಲ್ಲ ನನ್ನಿಂದ ರೆಕಾರ್ಡ್ ಮಾಡಿಸಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಕೊನೆಗೊಂದು ದಿನ ಕರೆ ಬಂತು. ರೆಕಾರ್ಡಿಂಗ್ ಕೋಣೆಯಲ್ಲಿ ಎಂದಿನಂತೆ ಶೂ ಬಿಚ್ಚಿಟ್ಟು ಕುಪ್ಪಳಿಸಲು ಸಿದ್ಧಳಾದೆ. ಗಾಜಿನ ಆಚೆ ಕೂರುವ ಧ್ವನಿ ತಂತ್ರಜ್ಞನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಾರೆ. ಸೂಜಿ ಬಿದ್ದರೂ ಕೇಳುವ ಕಿವಿ ಅವನದು. ಅವತ್ತು ಆತ ನನ್ನ ಮುಖ ನೋಡಲಿಲ್ಲ.

"ಇವತ್ತು ಉಸಿರು ಬೇಡ ಅಕ್ಕ. ಬರೀ ಮಾತು."

ಉಸಿರು ಬೇಡವೆಂದರೆ ಏನರ್ಥ ಎಂದು ಈ ಕಸುಬಿನಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಕಂಪನಿಯ ಬಾಸ್ ಕಾಫಿ ಕಪ್ ಹಿಡಿದು ಒಳಗೆ ಬಂದ.

"ಕತೆ ಸ್ವಲ್ಪ ಬದಲಾಗಿದೆ ಅಷ್ಟೆ. ಹೆಂಗಸಾಗಿ ಆಡೋದಕ್ಕೆ ಹುಡುಗರು ಒಪ್ಪಲ್ಲ ಅಂತ ಮಾರೋರು ಹೇಳ್ತಿದಾರೆ. ನಿಮ್ಮ ಪಾತ್ರ ಎಲ್ಲೂ ಹೋಗಿಲ್ಲ. ಗೋಪುರದಲ್ಲಿ ಕೂಡಿಹಾಕಿರ್ತಾರೆ, ನಾಯಕ ಬಂದು ಬಿಡಿಸ್ತಾನೆ. ತುಂಬಾ ಭಾವನೆ ಇದೆ ಅದರಲ್ಲಿ."

ಭಾವನೆಯಂತೆ, ಅವನ ತಲೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಜಗಳವಾಡಿದರೆ ಅವನು ನನ್ನನ್ನು ಇನ್ನೊಂದು ಆಟಕ್ಕೆ ಕರೆಯುತ್ತಾನೆಯೇ? ಮೈಕಿನ ಮುಂದೆ ನಿಂತು "ಯಾರಾದರೂ ಬನ್ನಿ, ಬಾಗಿಲು ತೆಗೀರಿ" ಎಂದು ಕೂಗಿದೆ. ಇನ್ನೂ ಹೆದರಿಕೆ ಬೇಕು ಎಂದ ಬಾಸ್. ಹೆದರಿಕೆಗೇನು ಬರ, ಮನೆಗೆ ಹೋಗಿ ಮಗಳಿಗೆ ಏನು ಹೇಳಲಿ ಎಂದು ನೆನೆದುಕೊಂಡೆ. ಬಹಳ ಚೆನ್ನಾಗಿ ಬಂತು ಎಂದ.

ಮನೆಯಲ್ಲಿ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ದಿನ ದೂಡಿದೆ. ಗುಬ್ಬಿ ಊಟಕ್ಕೆ ಕೂತಾಗಲೆಲ್ಲ "ನೀನು ಈಜ್ತೀಯಾ? ಕತ್ತಿ ಹಿಡೀತೀಯಾ?" ಎಂದು ಪ್ರಾಣ ತಿನ್ನುವಳು. ನಾನು ಇನ್ನೊಂದು ತುತ್ತು ಬಾಯಿಗಿಟ್ಟುಕೊಳ್ಳುವೆ. ಅಷ್ಟರಲ್ಲಿ ಕಂಪನಿಯವರು ತಮ್ಮವರ ಮಕ್ಕಳನ್ನೆಲ್ಲ ಕರೆಸಿ ಆಟ ಆಡಿಸಿ ನೋಡುತ್ತೇವೆ ಎಂದರು. ಆ ಸಂದೇಶವನ್ನು ನನಗಿಂತ ಮೊದಲು ಗುಬ್ಬಿಯೇ ಓದಿಬಿಟ್ಟಳು. ಇನ್ನು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಹೇಳಿದೆ.

"ಗುಬ್ಬಿ, ಕತೆ ಬದಲಾಯಿಸಿದಾರೆ. ಓಡೋದು ನಾನಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. "ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದಳು.

ಕಚೇರಿಯಲ್ಲಿ ಸಾಲಾಗಿ ಪರದೆಗಳನ್ನಿಟ್ಟಿದ್ದರು. ಪ್ರತಿ ಪರದೆಯ ಮುಂದೆ ಮಕ್ಕಳ ಸಾಲು. ಸರದಿ ಬಂದಾಗ ಗುಬ್ಬಿ ಮುಖ ಗಂಟಿಕ್ಕಿಕೊಂಡೇ ಕೂತು ಹೆಡ್‌ಫೋನ್ ಹಾಕಿಕೊಂಡಳು. ಪರದೆಯ ಮೇಲೆ ಗಡ್ಡದವನೊಬ್ಬ ಮರಳಿನಿಂದೆದ್ದು ಓಡತೊಡಗಿದ. ಇದ್ದಕ್ಕಿದ್ದಂತೆ ಅವಳ ಬೆನ್ನು ನೆಟ್ಟಗಾಯಿತು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಅವನನ್ನು ಓಡಿಸಿದಳು, ಬಂಡೆ ಹತ್ತಿಸಿದಳು, ಬೇಕೆಂದೇ ಬೀಳಿಸಿದಳು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು.

ಏದುಸಿರು ನನ್ನದು. ಮುಲುಕಿದ್ದು ನಾನು. ಅವನು ಬಿದ್ದಾಗ ನರಳಿದವಳೂ ನಾನೇ.

ಕಿವಿಯಣ್ಣನನ್ನು ಕರೆದೆ. ಕೇಳಿಸಿಕೊಂಡವನು ತಲೆ ಕೆರೆದುಕೊಂಡ. "ಅಯ್ಯೋ ಅಕ್ಕ. ಉಸಿರಿನ ಫೈಲುಗಳಿಗೆ ನಾವು ಪಾತ್ರದ ಹೆಸರು ಹಾಕಲ್ಲ, 'ಆಟಗಾರ' ಅಂತಷ್ಟೇ ಇಡ್ತೀವಿ. ನಾಯಕಿಯನ್ನ ತೆಗೆದು ಆ ಜಾಗದಲ್ಲಿ ಇವನನ್ನ ನಿಲ್ಲಿಸಿದ್ರು. ಉಸಿರು ಅಲ್ಲೇ ಉಳ್ಕೊಂಡಿದೆ. ಪರೀಕ್ಷೆ ಮಾಡೋ ಪುಣ್ಯಾತ್ಮರು ಶಬ್ದ ಆಫ್ ಮಾಡ್ಕೊಂಡು ಆಡ್ತಾರೆ, ಏನು ಹೇಳಲಿ."

ಅಷ್ಟು ಹೊತ್ತಿಗೆ ಗುಬ್ಬಿ ಗೋಪುರ ಮುಟ್ಟಿದ್ದಳು. ಹೆಡ್‌ಫೋನ್ ನನ್ನ ಕೈಯಲ್ಲೇ ಇತ್ತು, ಒಳಗಿನಿಂದ ನಾನು ಕೂಗುತ್ತಿದ್ದುದು ಪಕ್ಕದವರಿಗೂ ಕೇಳುತ್ತಿತ್ತು. ಯಾರಾದರೂ ಬನ್ನಿ, ಬಾಗಿಲು ತೆಗೀರಿ. ಏನಾಯಿತೆಂದು ಬಾಸ್ ಅಲ್ಲಿಗೇ ಬಂದ. ಗುಬ್ಬಿ ಅವನ ಮುಖವನ್ನೇ ನೋಡಿ ಕೇಳಿದಳು.

"ಒಳಗೆ ಕೂಗ್ತಿರೋದೂ ನಮ್ಮಮ್ಮ, ಹೊರಗೆ ಓಡ್ತಿರೋದೂ ನಮ್ಮಮ್ಮ. ಮಧ್ಯದಲ್ಲಿ ಇವನು ಯಾಕೆ?"

ಬಾಸ್ ಹಲ್ಲು ಕಿರಿದ. "ಸಣ್ಣ ತಪ್ಪಾಗಿದೆ ಪುಟ್ಟಿ. ಸೋಮವಾರ ಸರಿ ಮಾಡ್ತೀವಿ. ಅವನಿಗೆ ಅವನದೇ ಉಸಿರು ಹಾಕ್ತೀವಿ."

ಅವಳು ನನ್ನ ಕಡೆ ತಿರುಗಿದಳು. "ಆಮೇಲೆ ನೀನು ಒಳಗೆ ಮಾತ್ರ ಇರ್ತೀಯಾ?"

ಇನ್ನೊಮ್ಮೆ ಮುಚ್ಚಿಡುವ ಧೈರ್ಯ ನನಗಿರಲಿಲ್ಲ. "ಹೂಂ" ಎಂದೆ.

ಅವಳು ನನ್ನ ಕೈಯಿಂದ ಹೆಡ್‌ಫೋನ್ ಕಿತ್ತುಕೊಂಡು ಮತ್ತೆ ಹಾಕಿಕೊಂಡಳು. ಗಡ್ಡದವನನ್ನು ಗೋಪುರದಿಂದ ತಿರುಗಿಸಿ ಸಮುದ್ರದ ದಂಡೆಗೆ ಓಡಿಸಿಕೊಂಡು ಹೋದಳು. ಅಲ್ಲಿ ಶತ್ರುವೂ ಇಲ್ಲ, ನಿಧಿಯೂ ಇಲ್ಲ, ಬರೀ ಮರಳು.

"ಬಾಗಿಲು ಆ ಕಡೆ ಪುಟ್ಟಿ" ಎಂದ ಬಾಸ್. ಅವಳಿಗೆ ಕೇಳಲಿಲ್ಲವೋ, ಕೇಳಿಯೂ ಸುಮ್ಮನಿದ್ದಳೋ. ದಂಡೆಯ ಉದ್ದಕ್ಕೂ ಓಡಿಸುತ್ತಲೇ ಇದ್ದಳು. ಅವಳ ಭುಜಗಳು ನನ್ನ ಉಸಿರಿನ ಜೊತೆಗೇ ಏರಿ ಇಳಿಯುತ್ತಿದ್ದವು. ಹಿಂದಿನ ಮಕ್ಕಳು ಗೊಣಗತೊಡಗಿದರು. ಅವಳನ್ನು ಎಬ್ಬಿಸಿ ಎಂದು ಬಾಸ್ ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ಮಾತು ಕೇಳದಿದ್ದರೆ ಇವನ ಹತ್ತಿರ ಇನ್ನು ಕೆಲಸ ಸಿಗುವುದಿಲ್ಲ ಎಂದು ಗೊತ್ತಿತ್ತು. ಹೋಗಿ ಅವಳ ಕುರ್ಚಿಗೂ ಅವನಿಗೂ ನಡುವೆ ನಿಂತೆ.

"ಇನ್ನೂ ಸ್ವಲ್ಪ ಹೊತ್ತು ಓಡಲಿ ಬಿಡಿ ಸಾರ್" ಎಂದೆ.