ಎಡಗಡೆ ಒಬ್ಬ ಇದ್ದಾನೆ

"ಅವನಿಗೆ ದಾರಿ ಬಿಡು ಐಲಾ," ಅಂದ ಅರ್ಮಾಂಡ್. "ನಮ್ಮದಕ್ಕಿಂತ ದೊಡ್ಡ ಕಾರು ಅದು. ಅವರ ಗುಂಪು ಬೇರೆ, ನಮ್ಮ ಗುಂಪು ಬೇರೆ. ಅವನ ಜೊತೆ ನಮಗೆಂಥಾ ಪೈಪೋಟಿ?"

ಐಲಾ ಕಂಪ್ಯೂಟರ್ ಆಟದ ಸ್ಟಿಯರಿಂಗನ್ನು ಇನ್ನಷ್ಟು ಬಿಗಿಹಿಡಿದಳು. ಎದುರಿನ ಮೂರು ಪರದೆಗಳಲ್ಲಿ ಕಾಡಿನ ನಡುವಿನ ರಸ್ತೆ ಓಡೋಡಿ ಬರುತ್ತಿತ್ತು. ಆಟದೊಳಗೆ ಇನ್ನೂ ಕತ್ತಲೆ. ನೆಲಮಾಳಿಗೆಯ ಪುಟ್ಟ ಕಿಟಕಿಯಾಚೆ ಕೆನಡಾದ ಸಡ್‌ಬರಿಯ ಹಿಮದ ಮೇಲೆ ಭಾನುವಾರದ ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಹಿಂದಿನಿಂದ ಬಂದ ಕೆಂಪು ಕಾರು ಅವಳ ಎಡಕ್ಕೆ ಮೂಗು ತೂರಿಸಿತ್ತು. ನೇರ ರಸ್ತೆಯಾಗಿದ್ದರೆ ಅದು ಯಾವಾಗಲೋ ಹಾರಿಹೋಗುತ್ತಿತ್ತು. ಇದು ತಿರುವುಗಳ ಸಾಲು. ಐಲಾ ಅದನ್ನು ಮುಂದಕ್ಕೂ ಬಿಡದೆ, ಹಿಂದಕ್ಕೂ ಹಾಕದೆ, ಬೇಕೆಂದೇ ಪಕ್ಕದಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅಂಗಡಿಯಿಂದ ಬರುವಾಗ ಗೆಳತಿ ಸಿಕ್ಕಿದರೆ ಹೆಜ್ಜೆ ನಿಧಾನ ಮಾಡುತ್ತಾರಲ್ಲ, ಹಾಗೆ.

ಇದು ಅರ್ಮಾಂಡನ ತಲೆಗೆ ಹೋಗಲಿಲ್ಲ. ಇಪ್ಪತ್ನಾಲ್ಕು ಗಂಟೆಯ ಪಂದ್ಯ. ಒಂದು ತಂಡಕ್ಕೆ ಒಂದೇ ಕಾರು, ಸರದಿಯ ಮೇಲೆ ಓಡಿಸಬೇಕು. ನಿನ್ನೆ ಮಧ್ಯಾಹ್ನ ಶುರುವಾದದ್ದು ಇವತ್ತು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಈ ಪಂದ್ಯಕ್ಕೆ ಹಿಂದೆ ಎರಡು ಸಲ ಇಳಿದು, ಎರಡು ಸಲವೂ ಗೋಡೆಗೆ ಗುದ್ದಿ ಅರ್ಧಕ್ಕೇ ಎದ್ದು ಬಂದ ತಂಡ ಇದು. ಗೆಲ್ಲುವ ಮಾತು ಹಾಗಿರಲಿ, ಈ ಸಲ ಮುಗಿಸಿದರೆ ಸಾಕಾಗಿತ್ತು. ಕಾರು ಇಲ್ಲಿಯವರೆಗೆ ನೆಟ್ಟಗೆ ಬಂದಿತ್ತು. ಈಗ ನೋಡಿದರೆ ಈ ಹೆಂಗಸು ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುತ್ತಿದ್ದಾಳೆ.

"ಐಲಾ, ಕಿವಿ ಕೇಳಿಸ್ತಾ ಇದೆಯಾ?"

ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಹೆಡ್‌ಫೋನಿನೊಳಗೆ ಅವಳ ಗಂಡ ಟೌನೊ ಮಾತಾಡುತ್ತಿದ್ದ. "ಎಡಗಡೆ ಒಬ್ಬ ಇದ್ದಾನೆ ಕಣೋ." ಸ್ವಲ್ಪ ಬಿಟ್ಟು, "ಇನ್ನೂ ಇದ್ದಾನೆ." ಮತ್ತೆ ಸ್ವಲ್ಪ ಬಿಟ್ಟು, "ಹಬ್ಬಕ್ಕೆ ಬಂದ ಅಳಿಯ, ಇವನು ಏಳೋ ಹಾಗೆ ಕಾಣಲ್ಲ."

ಟೌನೊ ತೀರಿಕೊಂಡದ್ದು ಅಕ್ಟೋಬರಿನಲ್ಲಿ.

ಕೆಂಪು ಕಾರಿನವನಿಗೆ ತಾಳ್ಮೆ ತಪ್ಪಿತು. ಮುಂದಿನ ತಿರುವಿನಲ್ಲಿ ಅವನು ನುಗ್ಗಿದ, ಐಲಾ ಜಾಗ ಬಿಡಲಿಲ್ಲ, ಚಕ್ರಕ್ಕೆ ಚಕ್ರ ತಾಗಿತು. ಸ್ಟಿಯರಿಂಗು ಅವಳ ಕೈಯಲ್ಲಿ ಒದ್ದಾಡಿತು. ಮರಗಳು ಪರದೆಯ ತುಂಬ ಒಂದು ಸುತ್ತು ತಿರುಗಿದವು, ಆಮೇಲೆ ಗೋಡೆ ಬಂತು.

"ಹೋಯ್ತಾ?" ಅಂದ ಟೌನೊ ಅವಳ ಕಿವಿಯಲ್ಲಿ. "ಹೋಗ್ಲಿ ಬಿಡು. ಯಾರಿಗೂ ಏಟಾಗಿಲ್ಲ ತಾನೇ?"

ಹಿಂದೆ ಹಳೆಯ ಸೋಫಾದಲ್ಲಿ ಮಲಗಿದ್ದ ಡ್ವೇನ್ ಮಗ್ಗುಲಾದ. ತಂಡದ ಮೂರನೆಯವನು ಅವನು, ಶಾಲೆಯ ಬಸ್ಸು ಓಡಿಸುವವನು. ತನ್ನ ಸರದಿ ಮುಗಿಸಿ ಹೆಣದಂತೆ ಬಿದ್ದುಕೊಂಡಿದ್ದ. ಅರ್ಮಾಂಡ್ ಫ್ರೆಂಚಿನಲ್ಲಿ ದೇವರನ್ನೂ ಚರ್ಚಿನ ಪಾತ್ರೆಪಡಗಗಳನ್ನೂ ಒಂದೊಂದಾಗಿ ನೆನೆದ. ಅವರ ಕಡೆ ಬೈಗುಳವೆಂದರೆ ಅದೇ.

ಆ ದನಿಯ ಕಥೆ ಇಷ್ಟು. ಕಾರಿನೊಳಗೆ ಕೂತವನಿಗೆ ಅಕ್ಕಪಕ್ಕ ಕಾಣುವುದಿಲ್ಲ. ನೋಡಿ ಹೇಳಲು ಒಬ್ಬ ಬೇಕು. ಆಟದಲ್ಲಿ ಆ ಕೆಲಸಕ್ಕೆ ಕಂಪ್ಯೂಟರಿನದೇ ಒಂದು ದನಿ ಇರುತ್ತದೆ, ಬ್ಯಾಂಕಿನ ಫೋನಿನಲ್ಲಿ ಬರುವಂಥ ಸಪ್ಪೆ ದನಿ. ಟೌನೊಗೆ ಅದು ಹಿಡಿಸಲಿಲ್ಲ. ಗಣಿಯಿಂದ ನಿವೃತ್ತನಾದ ವರ್ಷ, ಮನೆಯಲ್ಲೇ ಇದ್ದ ಆವಿಸ್ನಾನದ ಸೌನಾ ಕೋಣೆಯೊಳಗೆ ಬಾಗಿಲು ಹಾಕಿಕೊಂಡು, ಪ್ರತಿ ಸಂದರ್ಭಕ್ಕೂ ಒಂದು ಮಾತು ಅಂತ ತನ್ನ ದನಿಯಲ್ಲೇ ನೂರಾರು ಮಾತು ಹಿಡಿದಿಟ್ಟ. ಎಡಕ್ಕೆ ಕಾರು ಬಂದರೆ ಒಂದು, ಹೋದರೆ ಒಂದು. ಇಂಧನ ಮುಗಿಯುತ್ತ ಬಂದರೆ ಒಂದು, ಗೋಡೆಗೆ ಗುದ್ದಿದರೆ ಒಂದು. ಅದರ ನಕಲನ್ನು ಗೆಳೆಯರಿಬ್ಬರಿಗೂ ಕೊಟ್ಟ. ಕೊಡುವಾಗ ಹೇಳಿದ್ದ: "ಇಪ್ಪತ್ನಾಲ್ಕು ಗಂಟೆ ಪಂದ್ಯ ಮುಗಿಸಿದ್ರೆ ಅದಕ್ಕೂ ಒಂದು ಮಾತಿದೆ. ಮೊದಲೇ ತೆಗೆದು ಕೇಳಿದವನು ನನ್ನ ಮನೆ ಸೌನಾಕ್ಕೆ ಕಾಲಿಡಕೂಡದು. ಗೆರೆ ದಾಟಿ ಕೇಳ್ಬೇಕು."

ಅವರು ಗೆರೆ ದಾಟಿರಲಿಲ್ಲ. ಆ ಮಾತನ್ನು ಯಾರೂ ಕೇಳಿರಲಿಲ್ಲ.

ಐಲಾ ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡ ಮಿತಭಾಷಿ. ಊಟಕ್ಕೆ ಕೂತರೆ ಉಪ್ಪು ಕೇಳುವುದಕ್ಕೂ ಕೈ ಚಾಚುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಫಿನ್ಲೆಂಡ್ ಮೂಲದ ಗಂಡಸರೇ ಹಾಗೆ ಎಂದು ಅವಳ ತಾಯಿ ಮದುವೆಗೆ ಮೊದಲೇ ಹೇಳಿದ್ದಳು; ಅವಳ ತಂದೆಯೂ ಹಾಗೇ ಇದ್ದ. ಈ ನೆಲಮಾಳಿಗೆಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಶನಿವಾರ ಗಂಡಸರಿಗೆ ಕಾಫಿ, ಏಲಕ್ಕಿ ಬ್ರೆಡ್ಡು ಇಳಿಸಿಕೊಟ್ಟು ಮೇಲೆ ಹೋಗಿಬಿಡುತ್ತಿದ್ದಳು. ಅವನು ಹೋದ ಮೇಲೆ, ನವೆಂಬರಿನ ಒಂದು ಮಧ್ಯಾಹ್ನ, ಇದನ್ನೆಲ್ಲ ಯಾರಿಗಾದರೂ ಕೊಟ್ಟುಬಿಡೋಣವೆಂದು ಕೆಳಗಿಳಿದಳು. ಹಳೆಯ ಕಾರಿನಿಂದ ಕಿತ್ತು ಹಲಗೆಗೆ ಬಿಗಿದ ಅವನ ಸೀಟಿನಲ್ಲಿ ಸುಮ್ಮನೆ ಕೂತಳು, ಸುಮ್ಮನೆ ಪೆಡಲು ಒತ್ತಿದಳು. "ಎದ್ದೆಯಾ ಮಗನೇ?" ಅಂದಿತು ದನಿ. "ಬಾ, ಇವತ್ತು ಯಾರ ಬೇಲಿ ಮುರಿಯೋಣ?"

ಚಳಿಗಾಲವೆಲ್ಲ ಅವಳು ಓಡಿಸಿದಳು, ತಂಡದಲ್ಲಿ ಅವನ ಜಾಗಕ್ಕೂ ಬಂದಳು. ಊರವರು ಪರವಾಗಿಲ್ಲ, ಮನಸ್ಸಿಗೆ ಒಂದು ಹವ್ಯಾಸ ಸಿಕ್ಕಿತು ಅಂದುಕೊಂಡರು. ಅವಳಿಗೆ ಕಾರೂ ಬೇಡ, ಪಂದ್ಯವೂ ಬೇಡ. ಯಾವ ತಪ್ಪಿಗೆ ಯಾವ ಮಾತು ಬರುತ್ತದೆ ಎಂದು ಕಲಿತಳು. ಹುಲ್ಲಿಗೆ ಇಳಿದರೆ ಬೈಯುತ್ತಿದ್ದ, ಬ್ರೇಕು ತಡವಾದರೆ ನಗುತ್ತಿದ್ದ. ಆ ನಗು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ಮಾತು ಹೊಟ್ಟೆಯಲ್ಲಿಟ್ಟುಕೊಂಡು ತನ್ನೆದುರು ಸೂಪು ಕುಡಿಯುತ್ತಿದ್ದನಲ್ಲ ಈ ಮನುಷ್ಯ ಎಂದು ಸಿಟ್ಟು ಬಂತು, ಹೊಟ್ಟೆಕಿಚ್ಚೂ ಬಂತು. ಗೋಡೆಗೆ ಗುದ್ದಿದಾಗ ಬರುವ ಮಾತಿಗಾಗಿ ಎಷ್ಟು ಸಲ ಗುದ್ದಿದಳೋ ಲೆಕ್ಕವಿಲ್ಲ. ಯಾರಿಗೂ ಏಟಾಗಿಲ್ಲ ತಾನೇ? ಟಿಮಿನ್ಸ್‌ನಿಂದ ಬರುವ ಹೆದ್ದಾರಿಯಲ್ಲಿ, ಅಕ್ಟೋಬರಿನ ಆ ದಿನ, ಎತ್ತಿನಷ್ಟೆತ್ತರದ ಮೂಸ್ ಜಿಂಕೆ ಎಡಗಡೆಯ ಕಾಡಿನಿಂದ ರಸ್ತೆಗೆ ಇಳಿದಾಗ, ಅವಳು ಅವನ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು. ಅವಳಿಗೆ ತರಚಿದ ಗಾಯವೂ ಆಗಿರಲಿಲ್ಲ. ಎಲ್ಲರಿಗೂ ನೋಡಿ ಹೇಳುತ್ತಿದ್ದವನಿಗೆ ನೋಡಿ ಹೇಳುವವರು ಇರಲಿಲ್ಲ.

ಕಾರು ಕುಂಟುತ್ತ ರಿಪೇರಿ ಮಾಡುವ ಪಿಟ್ಟಿಗೆ ಬಂತು. ರಿಪೇರಿಗೆ ಹೊತ್ತು ಹಿಡಿಯುತ್ತದೆ ಎಂದು ಪರದೆ ತೋರಿಸಿತು. ಐಲಾ ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೋಣೆ ನಿಶ್ಶಬ್ದವಾಗಿತ್ತು. ಅವಳ ಮಡಿಲಿನಿಂದ ಸಣ್ಣಗೆ, ಡಬ್ಬಿಯೊಳಗಿನಿಂದ ಬಂದ ಹಾಗೆ, ಮಾತು ಕೇಳಿಸಿತು: "ಆರಾಮಾಗಿ ರಿಪೇರಿ ಮಾಡಿಸ್ಕೊಳ್ರಪ್ಪ. ನನಗೇನು ಅವಸರ ಇಲ್ಲ."

ಅರ್ಮಾಂಡ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ. ಅವನು ಮಡಿಲನ್ನು ನೋಡಿದ, ಅವಳ ಮುಖ ನೋಡಿದ.

"ಇವನ ದನಿ ಹಾಕ್ಕೊಂಡು ಓಡಿಸ್ತಿದ್ದೀಯಾ?"

"ಹೂಂ."

"ನಿನ್ನೆಯಿಂದ?"

"ನವೆಂಬರಿಂದ."

ಅವನು ಪಕ್ಕದ ತನ್ನ ಸೀಟಿನಲ್ಲಿ ಕೂತ. ಶುಕ್ರವಾರ ಪಿಕಪ್ಪಿನಲ್ಲಿ ಹೇರಿಕೊಂಡು ಬಂದು, ಮೆಟ್ಟಿಲಲ್ಲಿ ಸೊಂಟ ಉಳುಕಿಸಿಕೊಂಡು ಇಳಿಸಿದ ಸೀಟು ಅದು. ಒಬ್ಬೊಬ್ಬರೇ ಅವರವರ ಮನೆಯಿಂದ ಆಡಬಹುದು. ಆದರೆ ಈ ಪಂದ್ಯಕ್ಕೆ ಮಾತ್ರ ಮೂರು ಸೀಟೂ ಟೌನೊನ ನೆಲಮಾಳಿಗೆಗೆ ಬರಬೇಕೆಂಬುದು ಅವರ ಪದ್ಧತಿ.

"ನಾನು ಆ ದನಿ ಆಫ್ ಮಾಡಿಬಿಟ್ಟೆ," ಅಂದ. "ಅವನನ್ನ ಮಣ್ಣು ಮಾಡಿ ಬಂದ ವಾರ ಒಂದ್ಸಲ ಕೂತೆ. ಹುಲ್ಲಿಗೆ ಇಳಿದೆ. ಬೈದ. ನಗು ಬಂತು ನೋಡು, ನಕ್ಕೆ. ಆಮೇಲೆ ಅಲ್ಲೇ ಹುಲ್ಲಲ್ಲಿ ಕಾರು ನಿಲ್ಲಿಸ್ಕೊಂಡು ಕೂತಿದ್ದೆ. ನನ್ನ ಹೆಂಡತಿ ಬಂದು ಪ್ಲಗ್ಗೇ ಕಿತ್ತಳು." ಅವಳ ಕಡೆ ತಿರುಗಿದ. "ಅದಕ್ಕೇನಾ ಆ ಕೆಂಪು ಕಾರನ್ನ ಪಕ್ಕದಲ್ಲಿ ಇಟ್ಕೊಂಡಿದ್ದು?"

"ಕಾರು ಪಕ್ಕದಲ್ಲಿದ್ದಷ್ಟು ಹೊತ್ತು ಮಾತಾಡ್ತಾನೆ."

"ಹುಚ್ಚಿ ಕಣೇ ನೀನು."

"ಗೊತ್ತು."

"ಕಾರು ಹಾಳು ಮಾಡಿದೆ."

"ಅದೂ ಗೊತ್ತು. ಅರ್ಮಾಂಡ್, ಕೊನೇ ಸರದಿ ನನಗೆ ಕೊಡು."

ಅವನು ಪರದೆಯ ಕಡೆ ತಿರುಗಿದ. ಕೊನೆಯ ಸರದಿ ಯಾವಾಗಲೂ ಅವನದು. ಟೌನೊ ಇದ್ದಾಗಿನಿಂದ ಹಾಗೇ ಮಾತಾಗಿತ್ತು, ಅಲ್ಲಿಯವರೆಗೆ ಕಾರು ಉಳಿದಿರಲಿಲ್ಲ ಅಷ್ಟೇ. ಗಣಿಯ ಲಿಫ್ಟಿನಲ್ಲಿ ಇಪ್ಪತ್ತೈದು ವರ್ಷ ಭುಜಕ್ಕೆ ಭುಜ ತಾಗಿಸಿಕೊಂಡು ಇಳಿದವರು ಅವರಿಬ್ಬರು.

"ಕೊನೇ ಸುತ್ತಿಗೆ ಮಾತ್ರ ಅವನನ್ನ ಆನ್ ಮಾಡೋಣ ಅಂತಿದ್ದೆ," ಅಂದ ಕೊನೆಗೆ. "ಏನೋ ಒಂದು ಇಟ್ಟಿದ್ದಾನಲ್ಲ, ಕೇಳೋಣ ಅಂತ. ಗೆರೆ ದಾಟೋವಾಗ ಹೆಡ್‌ಫೋನು ಯಾರ ಕಿವಿಯಲ್ಲಿ ಇರುತ್ತೋ ಅವರಿಗೇ ಅದು." ಮೂಗು ಒರೆಸಿಕೊಂಡ. "ತಗೋ. ಹೆಂಡತಿ ಮುಂದೆ ಗೆಳೆಯ ಯಾವ ಲೆಕ್ಕ. ನೀನು ಮನೇಲಿರೋ ಕಾಫಿ ಎಲ್ಲ ನನಗೆ ಬಿಟ್ಟುಕೊಡು, ಅಷ್ಟು ಸಾಕು."

ನಡುವಿನ ಸರದಿ ಅರ್ಮಾಂಡನೇ ಓಡಿಸಿದ. ರಿಪೇರಿಯಾದರೂ ಕಾರು ಬಲಕ್ಕೆ ಎಳೆಯುತ್ತಿತ್ತು. ಮುದುಕಿಯನ್ನು ರಸ್ತೆ ದಾಟಿಸುವವನಂತೆ ಅವನು ಅದನ್ನು ಅಂಚಿನಲ್ಲಿ ನಡೆಸಿಕೊಂಡು ಬಂದ, ಬೇರೆಯವರಿಗೆಲ್ಲ ದಾರಿ ಬಿಟ್ಟ. ವಟಗುಟ್ಟದ ಅರ್ಮಾಂಡನನ್ನು ಕಂಡು ಎದ್ದು ಬಂದ ಡ್ವೇನ್, "ಏನಾಯ್ತು ಇವನಿಗೆ, ಯಾರಾದ್ರೂ ಬೈದ್ರಾ?" ಅಂತ ಐಲಾಳನ್ನು ಕೇಳಿದ. ಅವಳು ಅವನ ತಟ್ಟೆಗೆ ಇನ್ನೊಂದು ಮಾಂಸದ ಕಡುಬು ಹಾಕಿದಳು.

ಆಟದೊಳಗೆ ಬೆಳಕು ಹರಿದಿತ್ತು. ಕೊನೆಯ ಸರದಿಗೆ ಐಲಾ ಕೂತಾಗ ಕಾಡಿನ ಮೇಲೆ ತೆಳು ಮಂಜು. "ಎದ್ದೆಯಾ ಮಗನೇ?" ಅಂದ ಟೌನೊ. ಈ ಸಲ ಅವಳು ತಪ್ಪು ಮಾಡಲಿಲ್ಲ. ಯಾರನ್ನೂ ಪಕ್ಕಕ್ಕೆ ಬರಗೊಡಲಿಲ್ಲ. ಹಿಂದೆ ದೂರದಲ್ಲಿ ದೀಪ ಕಂಡ ಕೂಡಲೇ ಬದಿಗೆ ಸರಿದಳು. ಹಾಗಾಗಿ ಅವನೂ ಹೆಚ್ಚು ಮಾತಾಡಲಿಲ್ಲ. ಸುತ್ತಿನ ಮೇಲೆ ಸುತ್ತು, ಎಂಜಿನ್ನಿನ ಸದ್ದು, ಪಕ್ಕದಲ್ಲಿ ಸುಮ್ಮನಿರುವ ಗಂಡ. ಅವಳಿಗೆ ಇದು ಗುರುತಿತ್ತು. ಅವರಿಬ್ಬರೂ ಎಷ್ಟೋ ದಾರಿ ಹೀಗೇ ಹೋಗಿದ್ದರು.

ಗಡಿಯಾರ ಸೊನ್ನೆಗೆ ಬಂತು. "ಇದೇ ಕೊನೇ ಸುತ್ತು ಐಲಾ," ಅಂದ ಡ್ವೇನ್. "ತಂದುಬಿಡು."

ಆಗ ಅವಳಿಗೆ ಭಯ ಹಿಡಿಯಿತು. ಚಳಿಗಾಲದಲ್ಲಿ ಅವನ ಎಲ್ಲ ಮಾತೂ ಕೇಳಿ ಮುಗಿಸಿದ್ದಳು, ಈಗ ಬಾಯಿಪಾಠವಾಗಿದ್ದವು. ಹೊಸದೆಂದು ಉಳಿದಿದ್ದದ್ದು ಒಂದೇ. ಕೇಳಿದರೆ ಅದೂ ಮುಗಿಯುತ್ತದೆ, ಅದಾದ ಮೇಲೆ ಟೌನೊ ಹೊಸದಾಗಿ ಏನನ್ನೂ ಹೇಳುವುದಿಲ್ಲ. ಇನ್ನೊಂದು ಯೋಚನೆಯೂ ಬಂತು, ಅದು ಇದಕ್ಕಿಂತ ಕೆಟ್ಟದ್ದು. ಆ ಮಾತಿನಲ್ಲಿ ತಾನು ಇರಲಿಕ್ಕಿಲ್ಲ. ಸೌನಾದ ಬಾಗಿಲು ಹಾಕಿಕೊಂಡು ಅವನು ಗೆಳೆಯರಿಗೆ ಹೇಳಿದ ಮಾತು ಅದು. ಹೆಂಡತಿ ಈ ಸೀಟಿನಲ್ಲಿ ಕೂರುತ್ತಾಳೆಂದು ಅವನಿಗೆ ಕನಸೂ ಬಿದ್ದಿರಲಾರದು. ನಾಲ್ಕು ತಿಂಗಳಿಂದ ಬೇರೆಯವರ ಕಾಗದ ಒಡೆದು ಓದುತ್ತಿದ್ದೇನಲ್ಲ ಅನ್ನಿಸಿತು.

ಕೊನೆಯ ತಿರುವು ಕಳೆಯಿತು. ನೇರ ರಸ್ತೆ, ತುದಿಯಲ್ಲಿ ಗೆರೆ. ಕಾರು ಬಲಕ್ಕೆ ಎಳೆಯುತ್ತಿತ್ತು. ಐಲಾ ಒಂದು ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಹಿಡಿದು, ಇನ್ನೊಂದರಲ್ಲಿ ಹೆಡ್‌ಫೋನು ಕಿತ್ತು, ಪಕ್ಕದಲ್ಲಿ ಬಗ್ಗಿ ನಿಂತಿದ್ದ ಅರ್ಮಾಂಡನ ಎದೆಗೆ ಒತ್ತಿದಳು.

"ಹಾಕ್ಕೋ."

"ಏ, ಏನು ಮಾಡ್ತಿದ್ದೀಯಾ—"

"ನಿಮಗೆ ಹೇಳಿರೋದು ಅದು. ಹಾಕ್ಕೋ ಬೇಗ."

ಅವನು ಹಾಕಿಕೊಂಡ. ಐಲಾ ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದಳು. ದನಿಯಿಲ್ಲದ ಪರದೆಯಲ್ಲಿ ಕಾರು ಗೆರೆ ದಾಟಿತು. ಡ್ವೇನ್ ಅವಳ ಬೆನ್ನು ಗುದ್ದಿದ. ಅವಳು ಅರ್ಮಾಂಡನನ್ನು ನೋಡುತ್ತಿದ್ದಳು. ಅವನ ಮುಖ ಮೊದಲು ಖಾಲಿಯಾಗಿತ್ತು, ಆಮೇಲೆ ತುಟಿ ನಗುವುದಕ್ಕೆ ಹೊರಟು ಅರ್ಧಕ್ಕೇ ನಿಂತಿತು. ಅವನು ಅವಳ ಕಡೆ ತಿರುಗಿದ, ಬಾಯಿ ತೆರೆದ.

"ಹೇಳ್ಬೇಡ," ಅಂದಳು ಐಲಾ.

"ಅಲ್ಲ ಐಲಾ, ಅವನು—"

"ಬೇಡ. ಮುಂದಿನ ವರ್ಷ ನಾನೇ ಗೆರೆ ದಾಟಿ ಕೇಳ್ಕೋತೀನಿ."

ಅವನು ಹೆಡ್‌ಫೋನನ್ನು ಎರಡೂ ಕೈಯಲ್ಲಿ ತೆಗೆದು, ಎಳೆಗೂಸನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಇಟ್ಟ.

ಮಧ್ಯಾಹ್ನ ಮೂವರೂ ಸೇರಿ ಗಂಡಸರಿಬ್ಬರ ಸೀಟುಗಳನ್ನು ಮೆಟ್ಟಿಲು ಹತ್ತಿಸಿದರು. ಅರ್ಮಾಂಡ್ ಪಿಕಪ್ಪಿನಲ್ಲಿ ತನ್ನ ಸೀಟಿಗೆ ಹಗ್ಗ ಬಿಗಿದ, ಡ್ವೇನ್ ಸೊಂಟದ ಬಗ್ಗೆ ತಮಾಷೆ ಮಾಡಿದಾಗ ಇನ್ನೊಂದು ಗಂಟು ಹಾಕಿದ. ಡ್ವೇನ್ ಹೊರಟ, ಅವನ ಹಿಂದೆ ಅರ್ಮಾಂಡ್. ಐಲಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಪಿಕಪ್ಪು ಬೀದಿಯ ಕೊನೆಗೆ ಹೋಗಿ ಅಡ್ಡರಸ್ತೆಯಲ್ಲಿ ನಿಂತಿತು. ಬ್ರೇಕಿನ ದೀಪ ಹಿಮದ ಮೇಲೆ ಕೆಂಪಗೆ ಬಿದ್ದಿತ್ತು. ಎಡಗಡೆಯಿಂದ ಯಾರೂ ಬರುತ್ತಿರಲಿಲ್ಲ, ಬಲಗಡೆಯಿಂದಲೂ ಬರುತ್ತಿರಲಿಲ್ಲ. ಯಾರಾದರೂ ನೋಡಿ ಹೇಳಲಿ ಎಂದು ಕಾದಂತೆ ಗಾಡಿ ಅಲ್ಲೇ ನಿಂತಿತ್ತು. ಅವಳು ಕಾಫಿ ಪಾತ್ರೆ ತೊಳೆದು ಬೋರಲು ಹಾಕಿ ಮತ್ತೆ ನೋಡಿದಾಗಲೂ ದೀಪ ಉರಿಯುತ್ತಲೇ ಇತ್ತು.